ಅಜೈಲ್ ಬಂದರೂ ಕೆಲಸ ಹಳೇ ಥರಾನೇ ನಡೆಯುತ್ತಿದ್ದರೆ: ದೋಷ ಹುಡುಕುವ ಕೈಪಿಡಿ

ಸಾಫ್ಟ್‌ವೇರ್ ಕೆಲಸವನ್ನು ಸಣ್ಣ ಸಣ್ಣದಾಗಿ ಮಾಡಿ, ಬೇಗ ಬೇಗ ತಿದ್ದಿಕೊಳ್ಳುವ ಅಜೈಲ್ ಪದ್ಧತಿ ಕಂಪನಿಗೆ ಬಂದಿದೆ. ದಿನಾ ಬೆಳಗ್ಗೆ ಸ್ಟ್ಯಾಂಡ್‌ಅಪ್ ಎಂಬ ಚಿಕ್ಕ ಸಭೆ ನಡೆಯುತ್ತದೆ. ಯಾವ ಕೆಲಸ ಎಲ್ಲಿಗೆ ಬಂತು ಎಂದು ತೋರಿಸುವ ಬೋರ್ಡ್ ತುಂಬ ಟಿಕೆಟ್‌ಗಳಿವೆ, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಎರಡು ವಾರಕ್ಕೊಮ್ಮೆ ಒಂದು ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಮುಗಿದು ಇನ್ನೊಂದು ಶುರುವಾಗುತ್ತದೆ. ಆದರೆ ಗ್ರಾಹಕರ ಕೈಗೆ ಹೊಸದೇನಾದರೂ ತಲುಪಲು ಹಿಂದೆ ಎಷ್ಟು ತಿಂಗಳು ಹಿಡಿಯುತ್ತಿತ್ತೋ ಈಗಲೂ ಅಷ್ಟೇ ಹಿಡಿಯುತ್ತಿದೆ. ಮೀಟಿಂಗ್ ಮಾತ್ರ ಜಾಸ್ತಿಯಾಗಿದೆ. ತಂಡದವರಿಗೆ ಬೇಸರ ಬಂದಿದೆ. ಮ್ಯಾನೇಜರ್‌ಗೂ ಬೇಸರ ಬಂದಿದೆ. "ನಮ್ಮ ಕಂಪನಿಗೆ ಇದು ಒಗ್ಗಲ್ಲ" ಎಂದು ತಂಡದವರು ಹೇಳುತ್ತಾರೆ. "ನಮ್ಮ ಜನಕ್ಕೆ ಬದಲಾಗುವ ಮನಸ್ಸೇ ಇಲ್ಲ" ಎಂದು ಮೇಲಿನವರು ಹೇಳುತ್ತಾರೆ.

ಈ ಎರಡು ಮಾತಿನಿಂದಲೂ ದೋಷ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ನಾನು ಇಂಥ ಹಲವು ತಂಡಗಳಲ್ಲಿ ಕೆಲಸ ಮಾಡಿದ್ದೇನೆ. ಕೆಲವು ಕಡೆ ಸ್ಕ್ರಮ್ ಮಾಸ್ಟರ್ ಆಗಿಯೂ ಇದ್ದೆ, ಅಂದರೆ ಅಜೈಲ್‌ನ ಒಂದು ಬಗೆಯಾದ ಸ್ಕ್ರಮ್ ಸರಿಯಾಗಿ ನಡೆಯುವಂತೆ ತಂಡಕ್ಕೆ ನೆರವಾಗುವ ಪಾತ್ರ. ನಾನು ಕಂಡಂತೆ ಹೊಸ ಪದ್ಧತಿಗೂ ಹಳೇ ನಿಯಮಕ್ಕೂ ಬೆಸುಗೆ ಬೀಳಬೇಕಾದ ಜಾಗದಲ್ಲೇ ಬಿರುಕು ಇರುತ್ತದೆ. ತೊಂದರೆ ಕಂಡರೆ ಬೇಗ ಹೇಳಿ ಎನ್ನುತ್ತದೆ ಹೊಸ ಪದ್ಧತಿ. ಹಾಗೆ ಹೇಳಿದವರ ಅಪ್ರೈಸಲ್ ಕೆಡುತ್ತದೆ ಎನ್ನುತ್ತದೆ ಹಳೇ ನಿಯಮ. ಸಂಬಳ, ಬಡ್ತಿ, ಮರ್ಯಾದೆ ಯಾವುದರ ಕೈಯಲ್ಲಿದೆಯೋ ಅದನ್ನೇ ಜನ ಪಾಲಿಸುತ್ತಾರೆ. ಅದರಲ್ಲಿ ಅವರ ತಪ್ಪೇನಿದೆ? ಹಾಗಾಗಿ ಇಲ್ಲಿ ಪ್ರತಿ ಲಕ್ಷಣದ ಹಿಂದೆ ಯಾವ ಹಳೇ ನಿಯಮ ಎಳೆಯುತ್ತಿದೆ ಎಂದು ಹುಡುಕೋಣ.

ಮೊದಲು ದೋಷದ ಜಾತಿ ತಿಳಿಯಿರಿ

ಪದ್ಧತಿ ಸರಿಯಾಗಿ ಗೊತ್ತಿಲ್ಲದೆ ತಪ್ಪಾಗಿರಬಹುದು. ಹಳೇ ನಿಯಮ ಅಡ್ಡ ಬಂದಿರಬಹುದು. ಅಥವಾ ಆ ಕೆಲಸವೇ ಈ ಪದ್ಧತಿಗೆ ಹೊಂದದೇ ಇರಬಹುದು. ಈ ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಬೇರ್ಪಡಿಸಲು ಸುಲಭದ ಪರೀಕ್ಷೆಯೊಂದಿದೆ. ತಪ್ಪಾಗಿ ನಡೆಯುತ್ತಿರುವ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿ. ಅದು ಏಕೆ, ಹೇಗೆ ನಡೆಯಬೇಕು ಎಂದು ಎಲ್ಲರಿಗೂ ಒಮ್ಮೆ ಚೆನ್ನಾಗಿ ವಿವರಿಸಿ. ಎರಡು ಸ್ಪ್ರಿಂಟ್ ಸುಮ್ನೆ ನೋಡಿ. ಸರಿಹೋಗಿ ಹಾಗೇ ಉಳಿದರೆ ಅದು ಗೊತ್ತಿಲ್ಲದ್ದರಿಂದ ಆದ ತಪ್ಪು. ಒಂದು ವಾರ ಸರಿಯಿದ್ದು ರಬ್ಬರ್ ಬ್ಯಾಂಡಿನ ಹಾಗೆ ಹಳೇ ಆಕಾರಕ್ಕೆ ಮರಳಿದರೆ ಯಾವುದೋ ನಿಯಮ ಅದನ್ನು ಹಿಂದಕ್ಕೆ ಎಳೆಯುತ್ತಿದೆ. ಅಲ್ಲಿ ಇನ್ನೊಂದು ತರಬೇತಿ ಕೊಟ್ಟು ಪ್ರಯೋಜನವಿಲ್ಲ. ಎಷ್ಟೋ ಕಂಪನಿಗಳು ಇದೇ ಹಂತದಲ್ಲಿ ಮೂರನೇ ತರಬೇತಿ, ನಾಲ್ಕನೇ ತರಬೇತಿ ಎಂದು ದುಡ್ಡು ಸುರಿಯುತ್ತವೆ. ನನಗೆ ಇದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ.

ಮೂರನೇ ಜಾತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏನು ಬೇಕು ಎಂದು ಮೊದಲೇ ಖಚಿತವಾಗಿ ಗೊತ್ತಿದ್ದು, ಅದು ಬದಲಾಗುವುದೂ ಇಲ್ಲ ಎನ್ನುವ ಕೆಲಸಕ್ಕೆ ಎರಡು ವಾರದ ಸ್ಪ್ರಿಂಟ್ ಹೊರೆಯಾಗುತ್ತದೆ. ಅಂಥ ಕೆಲಸವನ್ನು ಹಳೇ ಯೋಜನೆಯ ಪ್ರಕಾರವೇ ಮಾಡಿ. ಅದರಲ್ಲಿ ಅವಮಾನ ಏನೂ ಇಲ್ಲ.

ಕಾಣದ ನಿಯಮವನ್ನು ಕಾಣುವಂತೆ ಮಾಡುವ ಮೂರು ಪ್ರಶ್ನೆ

ಸಂಸ್ಥೆಗಳ ಸಂಸ್ಕೃತಿಯನ್ನು ಅಧ್ಯಯನ ಮಾಡಿದ ಎಡ್ಗರ್ ಶೈನ್ ಅದನ್ನು ಮೂರು ಪದರವಾಗಿ ನೋಡಿದರು. ಮೇಲಿನದು ಕಣ್ಣಿಗೆ ಕಾಣುವ ವಸ್ತು, ಆಚರಣೆ. ಅದರ ಕೆಳಗೆ ಕಂಪನಿ ಬಾಯಿಬಿಟ್ಟು ಹೇಳುವ ಮೌಲ್ಯ. ಎಲ್ಲಕ್ಕಿಂತ ಕೆಳಗೆ ಯಾರೂ ಹೇಳದ, ಎಲ್ಲರೂ ನಂಬಿರುವ ಎಣಿಕೆ. ಸ್ಟ್ಯಾಂಡ್‌ಅಪ್, ಬೋರ್ಡ್ ಎಲ್ಲ ಮೊದಲ ಪದರದ್ದು. ಗೋಡೆಯ ಮೇಲಿನ "ಮುಕ್ತವಾಗಿ ಮಾತಾಡಿ" ಎಂಬ ಪೋಸ್ಟರ್ ಎರಡನೆಯದು. ದೋಷ ಬಹುತೇಕ ಮೂರನೆಯದರಲ್ಲಿ ಇರುತ್ತದೆ.

ಅದನ್ನು ಹೊರಗೆ ತರಲು ನಾನು ಮೂರು ಪ್ರಶ್ನೆ ಕೇಳುತ್ತೇನೆ. ಕಳೆದ ಸಲ ಬಡ್ತಿ ಸಿಕ್ಕಿದ್ದು ಯಾರಿಗೆ, ಏನು ಮಾಡಿದ್ದಕ್ಕೆ? ಕಳೆದ ಸಲ ಕೆಟ್ಟ ಸುದ್ದಿ ತಂದವರಿಗೆ ಏನಾಯಿತು? ಒಂದು ಸಣ್ಣ ಬದಲಾವಣೆ ಗ್ರಾಹಕರನ್ನು ತಲುಪಲು ಎಷ್ಟು ಜನ ಒಪ್ಪಬೇಕು?

ಇವನ್ನು ಮೀಟಿಂಗಿನಲ್ಲಿ ಕೇಳಬೇಡಿ. ಒಬ್ಬೊಬ್ಬರನ್ನೇ ಕೇಳಿ, ಹೆಸರು ಬರೆದುಕೊಳ್ಳಬೇಡಿ. ಐದಾರು ಜನರ ಉತ್ತರ ಸಿಕ್ಕಿತೆಂದರೆ ಕಂಪನಿ ನಿಜವಾಗಿ ಯಾವುದಕ್ಕೆ ಬೆಲೆ ಕೊಡುತ್ತದೆ ಎಂಬ ನಕ್ಷೆ ನಿಮ್ಮ ಕೈಯಲ್ಲಿರುತ್ತದೆ.

ಲಕ್ಷಣ: ಸ್ಟ್ಯಾಂಡ್‌ಅಪ್ ವರದಿ ಒಪ್ಪಿಸುವ ಸಭೆಯಾಗಿದೆ

ಗುರುತಿಸುವುದು ಸುಲಭ. ಮಾತಾಡುವವರ ಕಣ್ಣು ಮ್ಯಾನೇಜರ್ ಕಡೆ ಇರುತ್ತದೆ. ಒಬ್ಬರು ಹೇಳುವಾಗ ಉಳಿದವರು ತಮ್ಮ ಸರದಿಗೆ ಮಾತು ಜೋಡಿಸಿಕೊಳ್ಳುತ್ತಿರುತ್ತಾರೆ. ಖಚಿತ ಮಾಡಿಕೊಳ್ಳಬೇಕೆಂದರೆ ಮ್ಯಾನೇಜರ್ ರಜೆ ಹಾಕಿದ ದಿನ ನೋಡಿ. ಸ್ಟ್ಯಾಂಡ್‌ಅಪ್ ತಾನಾಗೇ ರದ್ದಾದರೆ ಅದು ತಂಡದ ಸಭೆಯಾಗಿರಲೇ ಇಲ್ಲ.

ಸ್ಕ್ರಮ್‌ನಲ್ಲಿ ಈ 15 ನಿಮಿಷ ಇರುವುದು ಕೆಲಸ ಮಾಡುವವರು ಆ ದಿನದ ಯೋಜನೆಯನ್ನು ತಾವೇ ತಿದ್ದಿಕೊಳ್ಳಲಿ ಎಂದು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಅಡ್ಡಿ ಏನು ಎಂಬ ಮೂರು ಪ್ರಶ್ನೆ ಎಲ್ಲರ ಬಾಯಲ್ಲೂ ಇದೆ ಅಲ್ವಾ? ಸ್ಕ್ರಮ್‌ನ ಅಧಿಕೃತ ಕೈಪಿಡಿಯಾದ ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಲ್ಲಿ ಆ ಮೂರು ಪ್ರಶ್ನೆಗಳನ್ನೇ ಕೈಬಿಟ್ಟಿದ್ದಾರೆ. ಹಾಗಾಗಿ ಅವುಗಳಿಗೆ ಅಂಟಿಕೊಳ್ಳಬೇಕಾಗಿಲ್ಲ.

ಇಲ್ಲಿ ಎಲ್ಲರೂ ಕೊಡುವ ಸಲಹೆ, ಮ್ಯಾನೇಜರ್ ಬರಬೇಡಿ ಎನ್ನುವುದು. ನಾನೂ ಒಮ್ಮೆ ಅದನ್ನೇ ಮಾಡಿದೆ. ಮ್ಯಾನೇಜರ್ ಒಳ್ಳೆಯವರು, ಒಪ್ಪಿಕೊಂಡರು. ಮೂರನೇ ದಿನಕ್ಕೆ ಎಲ್ಲರಿಗೂ ಒಂದು ಎಕ್ಸೆಲ್ ಶೀಟ್ ಬಂತು. ದಿನಾ ಸಂಜೆ ಅದನ್ನು ತುಂಬಬೇಕು. ನನಗೆ ಸಿಟ್ಟು ಬಂತು. ಹೋಗಿ ಕೇಳಿದೆ. "ನನ್ನನ್ನು ದಿನಾ ಸಂಜೆ ಮೇಲಿನವರು ಕೇಳುತ್ತಾರೆ. ನಾನು ಏನು ಹೇಳಲಿ?" ಎಂದರು. ನಾವು ಅವರಿಗೆ ಬಾಗಿಲು ಹಾಕಿದ್ದೆವು. ಅವರಿಗೆ ಬರುವ ಪ್ರಶ್ನೆ ನಿಂತಿರಲಿಲ್ಲ.

ಆದ್ದರಿಂದ ದುರಸ್ತಿಯ ಕ್ರಮ ಹೀಗಿರಲಿ. ಮ್ಯಾನೇಜರ್‌ಗೆ ಯಾರು, ಯಾವಾಗ, ಏನು ಕೇಳುತ್ತಾರೆ ಎಂದು ಮೊದಲು ತಿಳಿಯಿರಿ. ಆ ಪ್ರಶ್ನೆಗೆ ಬೋರ್ಡ್ ನೋಡಿದರೆ ಉತ್ತರ ಸಿಗುವ ಹಾಗೆ ಬೋರ್ಡನ್ನು ಸತ್ಯವಾಗಿಡಿ. ವಾರಕ್ಕೊಮ್ಮೆ ಅವರ ಜೊತೆ 20 ನಿಮಿಷ ಕೂತು ವಿವರ ಕೊಡಿ. ಅಷ್ಟಾದ ಮೇಲೆ ಸ್ಟ್ಯಾಂಡ್‌ಅಪ್‌ನಿಂದ ದೂರ ಇರಲು ಕೇಳಿ. ನಮ್ಮ ತಂಡದಲ್ಲಿ ಆ ಶೀಟ್ ತಾನಾಗೇ ನಿಂತುಹೋಯಿತು. ಯಾರೂ ನಿಲ್ಲಿಸಿ ಎಂದು ಹೇಳಬೇಕಾಗಲಿಲ್ಲ.

ಹಿರಿಯರ ಮುಂದೆ ಕಿರಿಯರು ಬಾಯಿಬಿಡದ ಕಂಪನಿಗಳಲ್ಲಿ ಇನ್ನೊಂದು ತೊಡಕಿದೆ. ಹಿರಿಯರು ಮೊದಲು ಮಾತಾಡಿದರೆ ಉಳಿದವರು ಅದಕ್ಕೇ ಹೂಂ ಎನ್ನುತ್ತಾರೆ. ಆ ಗೌರವವನ್ನು ಅಳಿಸಲು ಹೊರಡಬೇಡಿ, ಸೋಲುತ್ತೀರಿ. ಮಾತಿನ ಸರದಿ ಬದಲಿಸಿದರೆ ಸಾಕು. ಜನರ ಸರದಿಯಲ್ಲಿ ಹೋಗುವ ಬದಲು ಬೋರ್ಡಿನ ಬಲತುದಿಯಿಂದ, ಅಂದರೆ ಮುಗಿಯಲು ಹತ್ತಿರ ಇರುವ ಟಿಕೆಟ್‌ನಿಂದ ಶುರು ಮಾಡಿ. ಆಗ ಮಾತು ಟಿಕೆಟ್‌ನದ್ದಾಗುತ್ತದೆ. ಅದನ್ನು ಮಾಡುತ್ತಿರುವವರು ಎಷ್ಟೇ ಕಿರಿಯರಾದರೂ ಅವರೇ ಹೇಳಬೇಕಾಗುತ್ತದೆ.

ಲಕ್ಷಣ: ಕೊನೇ ವಾರದವರೆಗೆ ಎಲ್ಲ ಹಸಿರು, ಆಮೇಲೆ ಒಮ್ಮೆಲೇ ಕೆಂಪು

ಹಸಿರು ಎಂದರೆ ಕೆಲಸ ಸರಿಯಾಗಿ ಸಾಗಿದೆ, ಕೆಂಪು ಎಂದರೆ ತೊಂದರೆಯಲ್ಲಿದೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಲಕ್ಷಣ ಇದು. ಬೇರೆ ಎಲ್ಲ ಕೆಟ್ಟಿದ್ದರೂ ಇದೊಂದು ಸರಿಯಿದ್ದರೆ ತಂಡ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಇದು ಕೆಟ್ಟಿದ್ದರೆ ಉಳಿದದ್ದು ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ. ಏಕೆಂದರೆ ಅಜೈಲ್ ಪೂರ್ತಿ ನಿಂತಿರುವುದೇ ಬೇಗ ತಿಳಿದು ಬೇಗ ತಿದ್ದಿಕೊಳ್ಳುವುದರ ಮೇಲೆ. ತಿಳಿಯದೇ ಹೋದರೆ ತಿದ್ದುವುದು ಏನನ್ನು?

ಅಳೆಯುವ ಬಗೆ ಹೀಗೆ. ಕಳೆದ ಐದು ವಿಳಂಬಗಳನ್ನು ನೆನಪು ಮಾಡಿಕೊಳ್ಳಿ. ಪ್ರತಿಯೊಂದಕ್ಕೂ ಎರಡು ದಿನಾಂಕ ಬರೆಯಿರಿ. ಇದು ತಡವಾಗುತ್ತದೆ ಎಂದು ತಂಡದಲ್ಲಿ ಮೊದಲು ಒಬ್ಬರಿಗೆ ಗೊತ್ತಾದ ದಿನ. ನಿರ್ಧಾರ ತೆಗೆದುಕೊಳ್ಳಬಲ್ಲವರಿಗೆ ಗೊತ್ತಾದ ದಿನ. ನಡುವಿನ ಅಂತರವೇ ನಿಮ್ಮ ಮಾಪಕ. ಎರಡು ಮೂರು ದಿನ ಇದ್ದರೆ ಚಿಂತೆಯಿಲ್ಲ. ಮೂರು ನಾಲ್ಕು ವಾರ ಇದ್ದರೆ ಸ್ಪ್ರಿಂಟ್ ಎರಡು ವಾರದ್ದಾದರೂ ಕಂಪನಿಯ ಕಿವಿ ಒಂದು ತಿಂಗಳು ಹಿಂದಿದೆ ಎಂದರ್ಥ.

ಸಮಾಜಶಾಸ್ತ್ರಜ್ಞ ರಾನ್ ವೆಸ್ಟ್ರಮ್ ಸಂಸ್ಥೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸುದ್ದಿ ತಂದವರನ್ನು ಏನು ಮಾಡುತ್ತಾರೆ ಎನ್ನುವುದು ಅದರಲ್ಲಿ ಒಂದು ಗುರುತು. ಅಧಿಕಾರವೇ ಮುಖ್ಯವಾದ ಕಡೆ ಸುದ್ದಿ ತಂದವರಿಗೆ ಪೆಟ್ಟು ಬೀಳುತ್ತದೆ. ನಿಯಮವೇ ಮುಖ್ಯವಾದ ಕಡೆ ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲಸವೇ ಮುಖ್ಯವಾದ ಕಡೆ ಹಾಗೆ ಸುದ್ದಿ ತರುವುದನ್ನು ಕಲಿಸುತ್ತಾರೆ. ನಿಮ್ಮದು ಯಾವುದು ಎನ್ನುವುದಕ್ಕೆ, ಕೆಟ್ಟ ಸುದ್ದಿ ತಂದವರಿಗೆ ಏನಾಯಿತು ಎಂಬ ಪ್ರಶ್ನೆಯ ಉತ್ತರವೇ ಸಾಕು. ಎರಡನೇ ಬಗೆಯನ್ನು ಹಗುರವಾಗಿ ನೋಡಬೇಡಿ. ಬೈಯುವ ಮ್ಯಾನೇಜರ್ ಇದ್ದಾಗ ದೋಷ ಎದ್ದು ಕಾಣುತ್ತದೆ. "ಹೂಂ, ನೋಡೋಣ" ಎಂದು ಮರೆತುಬಿಡುವವರು ಇದ್ದಾಗ ಕಾಣುವುದಿಲ್ಲ. ಎರಡು ಸಲ ಹೇಳಿ ಏನೂ ಆಗದಿದ್ದರೆ ಮೂರನೇ ಸಲ ಯಾರು ಹೇಳುತ್ತಾರೆ?

ದುರಸ್ತಿ ಮೇಲಿನಿಂದಲೇ ಶುರುವಾಗಬೇಕು. ಕೆಟ್ಟ ಸುದ್ದಿ ಕೇಳಿದ ತಕ್ಷಣ ಮ್ಯಾನೇಜರ್ ಬಾಯಿಂದ ಬರುವ ಮೊದಲ ವಾಕ್ಯ ಬದಲಾಗಬೇಕು. "ಯಾಕೆ ಹೀಗಾಯ್ತು?" ಎನ್ನುವುದು ಸಹಜವಾಗಿ ಬರುವ ಮಾತು. ಆದರೆ ಕೇಳಿದವರಿಗೆ ಅದು ವಿಚಾರಣೆಯ ಹಾಗೆ ಕೇಳಿಸುತ್ತದೆ. ಅದರ ಬದಲು "ಈಗಲೇ ಹೇಳಿದ್ದು ಒಳ್ಳೇದಾಯ್ತು. ಏನು ಬೇಕು?" ಎಂದು ಕೇಳಲಿ. ಕಾರಣದ ಮಾತು ಎರಡು ದಿನ ಬಿಟ್ಟು ಬರಲಿ. ಟೊಯೋಟಾದ ಕಾರ್ಖಾನೆಗಳಲ್ಲಿ ಆಂಡಾನ್ ಎಂಬ ಹಗ್ಗ ಇರುತ್ತಿತ್ತು. ದೋಷ ಕಂಡರೆ ಯಾವ ಕೆಲಸಗಾರರಾದರೂ ಅದನ್ನು ಎಳೆಯಬಹುದಿತ್ತು. ಎಳೆದ ತಕ್ಷಣ ತಂಡದ ಲೀಡರ್ ಸಹಾಯಕ್ಕೆ ಓಡಿಬರುತ್ತಿದ್ದರು. ನಿಗದಿ ಸಮಯದಲ್ಲಿ ಸರಿಹೋಗದಿದ್ದರೆ ಮಾತ್ರ ಸಾಲು ನಿಲ್ಲುತ್ತಿತ್ತು. ಅಲ್ಲಿ ಹಗ್ಗ ಇದ್ದದ್ದಕ್ಕಿಂತ ಓಡಿಬಂದವರು ಸಹಾಯ ಮಾಡುತ್ತಿದ್ದದ್ದು ದೊಡ್ಡ ವಿಷಯ.

ಇಲ್ಲಿ ಒಂದು ಎಚ್ಚರಿಕೆ. ಈ ದುರಸ್ತಿ ಕೆಲಸ ಮಾಡಲು ಶುರುವಾದಾಗ ತೊಂದರೆಗಳ ಸಂಖ್ಯೆ ಏರುತ್ತದೆ. ಗಾಬರಿ ಬೇಡ. ಸಂಶೋಧಕಿ ಎಮಿ ಎಡ್ಮಂಡ್ಸನ್ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ ಹೀಗೇ ಆಯಿತು. ಒಳ್ಳೇ ತಂಡಗಳಲ್ಲಿ ತಪ್ಪುಗಳ ಲೆಕ್ಕ ಜಾಸ್ತಿ ಕಂಡಿತು. ಅವರು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಆದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಅವರು 1999ರಲ್ಲಿ ಕೆಲಸದ ತಂಡಗಳಲ್ಲಿನ ಮಾನಸಿಕ ಸುರಕ್ಷತೆಯ ಬಗ್ಗೆ ಬರೆದದ್ದರ ಹಿಂದೆ ಈ ಅನುಭವವೂ ಇದೆ. ನಿಮ್ಮ ಬೋರ್ಡಿನಲ್ಲಿ ಕೆಂಪು ಹೆಚ್ಚಾದಾಗ ಮೇಲಿನವರು ಅಜೈಲ್‌ನಿಂದಲೇ ಕೆಲಸ ಕೆಟ್ಟಿತು ಎನ್ನಬಹುದು. ಹೀಗಾಗುತ್ತದೆ ಎಂದು ಅವರಿಗೆ ಮೊದಲೇ ತಿಳಿಸಿ.

ಲಕ್ಷಣ: ಅಂದಾಜು ಹೇಳಿದರೆ ಅದೇ ಕೊಟ್ಟ ಮಾತಾಗುತ್ತದೆ

ಕೆಲಸ ಎಷ್ಟು ದೊಡ್ಡದು ಎಂಬ ಅಂದಾಜನ್ನು ತಂಡ ಪಾಯಿಂಟ್‌ಗಳಲ್ಲಿ ಹೇಳುತ್ತದೆ. ಪ್ಲಾನಿಂಗ್‌ನಲ್ಲಿ "ಇದು ಐದು ಪಾಯಿಂಟ್ ಇರಬಹುದು" ಎಂದು ಹೇಳಿದ್ದು ಮರುದಿನ ಯಾರದೋ ಪ್ರೆಸೆಂಟೇಶನ್‌ನಲ್ಲಿ ದಿನಾಂಕವಾಗಿ ಕೂತಿರುತ್ತದೆ. ಮುಂದಿನ ಸಲ ತಂಡ ಐದನ್ನು ಎಂಟು ಎನ್ನುತ್ತದೆ. ಕಳೆದ ಆರು ಸ್ಪ್ರಿಂಟ್‌ಗಳಲ್ಲಿ ಹಾಕಿಕೊಂಡ ಕೆಲಸ ಎಷ್ಟು, ಮುಗಿಸಿದ್ದು ಎಷ್ಟು ಎಂದು ಪಕ್ಕಪಕ್ಕ ಬರೆಯಿರಿ. ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಅದು ಆರೋಗ್ಯ. ಆರಕ್ಕೆ ಆರೂ ಸರಿಸಮ ಇದ್ದರೆ ತಂಡ ತನ್ನನ್ನು ಕಾಪಾಡಿಕೊಳ್ಳಲು ಅಂದಾಜು ಉಬ್ಬಿಸುತ್ತಿರಬಹುದು.

ಸ್ಪ್ರಿಂಟ್‌ಗೆ ಆರಿಸಿಕೊಂಡ ಕೆಲಸವನ್ನು ಕಮಿಟ್‌ಮೆಂಟ್ (ಕೊಟ್ಟ ಮಾತು) ಎಂದು ಕರೆಯುವುದರಿಂದ ಇಂಥ ಒತ್ತಡ ಬರುತ್ತದೆ. ಸ್ಕ್ರಮ್ ಗೈಡ್ 2011ರಲ್ಲೇ ಆ ಪದ ಬಿಟ್ಟು ಫೋರ್‌ಕಾಸ್ಟ್ (ಮುನ್ಸೂಚನೆ) ಎಂಬ ಪದ ಬಳಸಿತು. ಹವಾಮಾನ ಮುನ್ಸೂಚನೆ ತಪ್ಪಿದರೆ ಯಾರೂ ಮಾತು ತಪ್ಪಿದರು ಎನ್ನುವುದಿಲ್ಲ ಅಲ್ವಾ, ಹಾಗೆ.

ಇನ್ನೂ ಕೆಟ್ಟದ್ದು ಎಂದರೆ ಎರಡು ತಂಡಗಳ ವೆಲಾಸಿಟಿ, ಅಂದರೆ ಒಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಪಾಯಿಂಟ್‌ಗಳನ್ನು, ಹೋಲಿಸುವುದು. ಪಾಯಿಂಟ್ ಎನ್ನುವುದು ಆಯಾ ತಂಡದ ಸ್ವಂತ ಅಳತೆಗೋಲು. ಅದನ್ನು ಗುರಿ ಮಾಡಿದ ದಿನವೇ ಅದು ಅಳತೆಯಾಗಿ ಉಳಿಯುವುದಿಲ್ಲ. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಇದೇ ಅರ್ಥದ ಮಾತು ಹೇಳಿದ್ದರು. ವೆಲಾಸಿಟಿಯನ್ನು ತಂಡದ ಹೊರಗೆ ಕಳಿಸುವುದನ್ನು ನಿಲ್ಲಿಸಿ. ಅದರ ಬದಲು ಗ್ರಾಹಕರಿಗೆ ಏನು ತಲುಪಿತು ಎಂಬ ಪಟ್ಟಿ ಕಳಿಸಿ. ದಿನಾಂಕ ಬೇಕೇಬೇಕು ಎಂದರೆ ಇಷ್ಟರಿಂದ ಇಷ್ಟರೊಳಗೆ ಎಂದು ಎರಡು ದಿನಾಂಕ ಕೊಡಿ. ಬೈಸಿಕೊಳ್ಳುವ ಭಯಕ್ಕೆ ಒಂದೇ ದಿನಾಂಕ ಕೊಡಬೇಡಿ.

ಲಕ್ಷಣ: ಯಾರೂ ಯಾರಿಗೂ ಕೈ ಜೋಡಿಸುವುದಿಲ್ಲ

ಎಂಟು ಜನ, ಎಂಟು ಟಿಕೆಟ್, ಪ್ರತಿಯೊಬ್ಬರೂ ತಮ್ಮ ಮೂಲೆಯಲ್ಲಿ. ಟೆಸ್ಟಿಂಗ್ ಕಾಲಂನಲ್ಲಿ ಟಿಕೆಟ್‌ಗಳು ರಾಶಿ ಬಿದ್ದಿರುತ್ತವೆ. ಡೆವಲಪರ್‌ಗಳು ಅದನ್ನು ನೋಡಿಯೂ ಹೊಸ ಟಿಕೆಟ್ ತೆಗೆದುಕೊಳ್ಳುತ್ತಾರೆ. ಸ್ವಾರ್ಥ ಎನ್ನಬೇಡಿ. ವರ್ಷದ ಕೊನೆಯಲ್ಲಿ ಅಪ್ರೈಸಲ್ ಫಾರಂ "ನೀವು ಒಬ್ಬರೇ ಏನು ಮಾಡಿದಿರಿ?" ಎಂದು ಕೇಳುತ್ತದೆ. ಪಕ್ಕದವರ ಟೆಸ್ಟಿಂಗ್‌ಗೆ ಕೈ ಹಾಕಿದ್ದನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ. ಅಷ್ಟೇ ಅಲ್ಲದೆ ತಂಡದೊಳಗೇ ಒಬ್ಬರು ಮೇಲೆ, ಒಬ್ಬರು ಕೆಳಗೆ ಎಂದು ಸಾಲು ಹಚ್ಚುವ ಪದ್ಧತಿ ಇದ್ದರೆ ಪಕ್ಕದವರಿಗೆ ಸಹಾಯ ಮಾಡಿದಷ್ಟೂ ತನ್ನ ಸ್ಥಾನ ಇಳಿಯುತ್ತದೆ. 1980ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್‌ನಿಂದ ಹೆಸರಾದ ಈ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಕಾರಣವಾಗಿ ಹೇಳಿದ್ದು ತಂಡದ ಕೆಲಸಕ್ಕೆ ಒತ್ತು ಕೊಡಬೇಕು ಎಂಬುದನ್ನೇ.

ನೀವು ತಂಡದ ಮಟ್ಟದಲ್ಲಿದ್ದರೆ ಅಪ್ರೈಸಲ್ ಪದ್ಧತಿ ಬದಲಿಸಲು ಆಗುವುದಿಲ್ಲ. ಆದರೂ ಎರಡು ಕೆಲಸ ಕೈಯಲ್ಲಿದೆ. ಯಾರು ಯಾರಿಗೆ ನೆರವಾದರು ಎಂದು ಪ್ರತಿ ತಿಂಗಳು ಎರಡು ಸಾಲು ಬರೆದಿಡಲು ಮ್ಯಾನೇಜರ್‌ಗೆ ಕೇಳಿ. ವರ್ಷದ ಕೊನೆಗೆ ಅದೇ ಸಾಕ್ಷಿಯಾಗುತ್ತದೆ. ಇನ್ನೊಂದು, ಒಮ್ಮೆಗೆ ಎಷ್ಟು ಟಿಕೆಟ್ ಕೈಯಲ್ಲಿರಬಹುದು ಎಂಬುದಕ್ಕೆ ಮಿತಿ ಹಾಕಿ.

ಮಿತಿ ಹಾಕಿದರೆ ಕೆಲಸ ಕಡಿಮೆಯಾಗುತ್ತದೆ ಎಂದು ಮೇಲಿನವರು ಹೆದರುತ್ತಾರೆ. ಅವರಿಗೆ ಲೆಕ್ಕ ತೋರಿಸಿ. ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ. ಸರಾಸರಿಯಲ್ಲಿ, ಕೈಯಲ್ಲಿರುವ ಕೆಲಸವನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ ಹಿಡಿಯುವ ಸಮಯ ಸಿಗುತ್ತದೆ. 24 ಟಿಕೆಟ್ ಕೈಯಲ್ಲಿದ್ದು ವಾರಕ್ಕೆ 6 ಮುಗಿಯುತ್ತಿದ್ದರೆ ಒಂದೊಂದಕ್ಕೆ ಸರಾಸರಿ 4 ವಾರ. ಅದೇ ವೇಗದಲ್ಲಿ 12 ಮಾತ್ರ ಇಟ್ಟುಕೊಂಡರೆ 2 ವಾರ. ಯಾರೂ ಬೆವರು ಜಾಸ್ತಿ ಸುರಿಸಬೇಕಿಲ್ಲ. ಮಿತಿ ತುಂಬಿದಾಗ ಹೊಸದು ತೆಗೆದುಕೊಳ್ಳಲು ಆಗದೆ ಜನ ತಾವಾಗೇ ಟೆಸ್ಟಿಂಗ್ ರಾಶಿಯ ಕಡೆ ತಿರುಗುತ್ತಾರೆ.

ಲಕ್ಷಣ: ಸ್ಪ್ರಿಂಟ್ ಎರಡು ವಾರ, ರಿಲೀಸ್ ಮೂರು ತಿಂಗಳು

ಮುಗಿದ ಒಂದು ಸಣ್ಣ ಬದಲಾವಣೆಯನ್ನು ತೆಗೆದುಕೊಳ್ಳಿ. ಕೇಳಿದ ದಿನದಿಂದ ಗ್ರಾಹಕರ ಕೈ ಸೇರಿದ ದಿನದವರೆಗೆ ಒಂದು ಗೆರೆ ಎಳೆಯಿರಿ. ಯಾರಾದರೂ ಅದರ ಮೇಲೆ ಕೂತು ಕೆಲಸ ಮಾಡಿದ ದಿನಗಳಿಗೆ ಒಂದು ಬಣ್ಣ, ಸುಮ್ನೆ ಕಾದ ದಿನಗಳಿಗೆ ಇನ್ನೊಂದು ಬಣ್ಣ ಹಚ್ಚಿ. ಕಾದ ಬಣ್ಣ ಎಲ್ಲಿ ಉದ್ದವಾಗಿದೆಯೋ ಅಲ್ಲೇ ಅಡ್ಡಿ ಇರುತ್ತದೆ. ನಾನು ಹೀಗೆ ಗೆರೆ ಎಳೆದ ಕಡೆಗಳಲ್ಲಿ ಅಡ್ಡಿ ಸಿಕ್ಕಿದ್ದು ಸಾಮಾನ್ಯವಾಗಿ ಅಪ್ರೂವಲ್ ಸಾಲಿನಲ್ಲಿ, ಇಲ್ಲವೇ ಬೇರೆ ವಿಭಾಗಕ್ಕೆ ದಾಟಿಸುವ ಜಾಗದಲ್ಲಿ.

ಅಪ್ರೂವಲ್ ಕೇಳುವವರನ್ನು ಶತ್ರುಗಳ ಹಾಗೆ ನೋಡುವುದು ಅಜೈಲ್ ತಂಡಗಳ ಕೆಟ್ಟ ಚಾಳಿ. ಅದು ಸಲ್ಲದು. ಪ್ರತಿ ಸಹಿಯ ಹಿಂದೆ ಯಾವತ್ತೋ ನಡೆದ ಒಂದು ಅನಾಹುತ ಇರುತ್ತದೆ. ಯಾವುದೋ ರಾತ್ರಿ ಸಿಸ್ಟಂ ಕುಸಿದಿರುತ್ತದೆ, ಯಾರೋ ಅದರ ಭಾರ ಹೊತ್ತಿರುತ್ತಾರೆ. ಆ ಕಥೆ ಕೇಳಿ. ಯಾವ ಅಪಾಯ ತಪ್ಪಿಸಲು ಈ ಸಹಿ ಬಂತು ಎಂದು ತಿಳಿದರೆ ಅದೇ ಅಪಾಯವನ್ನು ಬೇರೆ ರೀತಿ, ಬೇಗ ತಪ್ಪಿಸುವ ದಾರಿ ಹುಡುಕಬಹುದು. ಐಟಿ ಸೇವೆ ನಡೆಸುವ ನಿಯಮಗಳ ಚೌಕಟ್ಟಾದ ಐಟಿಐಎಲ್ ಪಾಲಿಸುವ ಕಂಪನಿಗಳಿಗೆ ಸ್ಟ್ಯಾಂಡರ್ಡ್ ಚೇಂಜ್ ಎಂಬ ವರ್ಗ ಗೊತ್ತಿರುತ್ತದೆ. ಅಪಾಯ ಕಡಿಮೆ ಇರುವ, ಪದೇ ಪದೇ ಬರುವ ಬದಲಾವಣೆಗೆ ಮೊದಲೇ ಒಪ್ಪಿಗೆ ಕೊಟ್ಟಿಡುವುದು. ಹಳೇ ನಿಯಮಪುಸ್ತಕದ ಒಳಗೇ ಈ ಬಾಗಿಲು ಇದೆ. ಎಷ್ಟೋ ಕಡೆ ಅದನ್ನು ತೆರೆದು ನೋಡಿಯೇ ಇರುವುದಿಲ್ಲ.

ವಿಭಾಗದಿಂದ ವಿಭಾಗಕ್ಕೆ ದಾಟಿಸುವುದು ಇನ್ನೂ ಕಷ್ಟದ ದೋಷ. ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅದೇ ಆಕಾರದಲ್ಲಿ ಅವರು ಕಟ್ಟುವ ವ್ಯವಸ್ಥೆಯೂ ಇರುತ್ತದೆ ಎಂದು ಮೆಲ್ವಿನ್ ಕಾನ್‌ವೇ 1968ರಲ್ಲೇ ಬರೆದರು. ಟೆಸ್ಟಿಂಗ್ ವಿಭಾಗ ಬೇರೆ, ಡೇಟಾಬೇಸ್ ವಿಭಾಗ ಬೇರೆ ಇದ್ದರೆ ಸ್ಪ್ರಿಂಟ್ ಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಒಡನೆಯೇ ವಿಭಾಗ ಒಡೆಯಲು ಹೋಗಬೇಡಿ. ಆ ವಿಭಾಗದ ಒಬ್ಬರು ವಾರಕ್ಕೆ ಎರಡು ದಿನ ನಿಮ್ಮ ತಂಡದ ಜೊತೆ ಕೂರುವಂತೆ ಕೇಳಿ ನೋಡಿ. ಅವರ ಬಾಸ್‌ಗೆ ಇದರಿಂದ ಏನು ಲಾಭ ಎಂದು ಮೊದಲೇ ಯೋಚಿಸಿ ಹೋಗಿ.

ಲಕ್ಷಣ: ರೆಟ್ರೋದಲ್ಲಿ ಅದೇ ಮಾತು, ಇಲ್ಲವೇ ಮೌನ

ರೆಟ್ರೋ ಎಂದರೆ ಸ್ಪ್ರಿಂಟ್ ಮುಗಿದಾಗ ಏನು ಸುಧಾರಿಸಬೇಕು ಎಂದು ತಂಡ ಕೂತು ಮಾತಾಡುವ ಸಭೆ. ಅದರ ಕಳೆದ ಹತ್ತು ತೀರ್ಮಾನಗಳನ್ನು ತೆಗೆದು ನೋಡಿ. ಆಗದೇ ಉಳಿದವು ಯಾರ ಕೈಯಲ್ಲಿದ್ದವು? ಹೆಚ್ಚಿನವು ತಂಡದ ಅಧಿಕಾರ ಮೀರಿದವೇ ಆಗಿದ್ದರೆ ಮೌನಕ್ಕೆ ಕಾರಣ ಸಿಕ್ಕಿತು. ಇನ್ನು ಮುಂದೆ ಒಂದೇ ತೀರ್ಮಾನ ಮಾಡಿ, ಅದು ತಂಡವೇ ಮಾಡಬಲ್ಲದ್ದಾಗಿರಲಿ. ಮೇಲಿನವರಿಂದ ಆಗಬೇಕಾದ್ದನ್ನು ಬೇರೆ ಬರೆದು ಕಳಿಸಿ. ಒಂದು ವಾರದಲ್ಲಿ ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಉತ್ತರ ಬರಲಿ. ಆಗುವುದಿಲ್ಲ ಎಂಬ ಉತ್ತರವೂ ಮೌನಕ್ಕಿಂತ ಎಷ್ಟೋ ಮೇಲು.

ಹುಡುಕಿ ಸಮಯ ಕಳೆಯಬಾರದ ಜಾಗಗಳು

ಟೂಲ್ ಬದಲಿಸುವುದು ಮೊದಲನೆಯದು. ಟಿಕೆಟ್ ಯಾವ ಸಾಫ್ಟ್‌ವೇರ್‌ನಲ್ಲಿದ್ದರೂ ಭಯ ಅದೇ ಇರುತ್ತದೆ.

ಹೆಸರು ಬದಲಿಸುವುದು ಎರಡನೆಯದು. ಸ್ಪಾಟಿಫೈ ತನ್ನ ತಂಡಗಳನ್ನು ಸ್ಕ್ವಾಡ್, ಟ್ರೈಬ್ ಎಂದು ಕರೆಯುವ ವಿಚಾರ 2012ರಲ್ಲಿ ಹೊರಬಂದ ಮೇಲೆ ಎಷ್ಟೋ ಕಂಪನಿಗಳು ಆ ಹೆಸರುಗಳನ್ನು ಹಾಗೇ ಎತ್ತಿಕೊಂಡವು. ಅದನ್ನು ಬರೆದ ಹೆನ್ರಿಕ್ ಕ್ನಿಬರ್ಗ್ ಮತ್ತು ಆಂಡರ್ಸ್ ಇವಾರ್ಸನ್ ಇದು ಆ ಹೊತ್ತಿನ ಚಿತ್ರ ಮಾತ್ರ, ಬದಲಾಗುತ್ತಲೇ ಇದೆ ಎಂದು ಅದರಲ್ಲೇ ಹೇಳಿದ್ದರು. ಮ್ಯಾನೇಜರ್‌ಗೆ ಹೊಸ ಹೆಸರಿಟ್ಟು ಹಳೇ ಅಧಿಕಾರ, ಹಳೇ ಟಾರ್ಗೆಟ್ ಹಾಗೇ ಬಿಟ್ಟರೆ ಲಕ್ಷಣ ಒಂದೂ ಹೋಗುವುದಿಲ್ಲ. ಯಾವ ಕೆಲಸ ಮೊದಲು ಎಂದು ನಿರ್ಧರಿಸಬೇಕಾದ ಪ್ರಾಡಕ್ಟ್ ಓನರ್ ವಿಷಯವೂ ಹೀಗೇ. ಒಂದು ಕೆಲಸವನ್ನು ಬ್ಯಾಕ್‌ಲಾಗ್‌ನಿಂದ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯಿಂದ, ತೆಗೆದುಹಾಕಲು ಅವರಿಗೆ ಇನ್ನೊಬ್ಬರ ಒಪ್ಪಿಗೆ ಬೇಕಿದ್ದರೆ ಅವರು ಓನರ್ ಆಗಿರುವುದು ಹೆಸರಿಗೆ ಮಾತ್ರ.

ಹಳೇ ಸಂಸ್ಕೃತಿಯಲ್ಲಿ ಮುಟ್ಟಬಾರದ್ದು

ದುರಸ್ತಿಯ ಹುಮ್ಮಸ್ಸಿನಲ್ಲಿ ಸರಿಯಿರುವ ಭಾಗವನ್ನೂ ಬಿಚ್ಚಿಹಾಕುವುದು ಆಗುತ್ತದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆಯಲ್ಲಿ ನಾಲ್ಕು ಮೌಲ್ಯ, 12 ತತ್ವ ಇವೆ. ಸ್ಟ್ಯಾಂಡ್‌ಅಪ್, ಸ್ಟೋರಿ ಪಾಯಿಂಟ್ ಎಂಬ ಪದಗಳೇ ಅದರಲ್ಲಿಲ್ಲ. ದಾಖಲೆ, ಒಪ್ಪಂದ, ಯೋಜನೆ ಇವುಗಳಿಗೂ ಬೆಲೆಯಿದೆ ಎಂದು ಮಾತ್ರ ಸ್ಪಷ್ಟವಾಗಿ ಹೇಳಿದೆ. ಅವಕ್ಕಿಂತ ಕೆಲಸ ಮಾಡುವ ಸಾಫ್ಟ್‌ವೇರ್, ಗ್ರಾಹಕರ ಜೊತೆಗಿನ ಒಡನಾಟ, ಬದಲಾವಣೆಗೆ ಸ್ಪಂದಿಸುವುದು ಹೆಚ್ಚು ಎನ್ನುತ್ತದೆ ಅಷ್ಟೇ.

ನಾನು ಒಂದು ಕಡೆ ಇದನ್ನು ಕಣ್ಣಾರೆ ಕಂಡೆ. ಅಲ್ಲಿ ಹಿರಿಯರೊಬ್ಬರು ಪ್ರತಿ ಡಿಸೈನನ್ನೂ ಕೂತು ಓದುತ್ತಿದ್ದರು. ಅಜೈಲ್ ಬಂದ ಮೇಲೆ ಇದು ನಿಧಾನ ಎಂದು ನಿಲ್ಲಿಸಿದರು. ನಾಲ್ಕು ತಿಂಗಳಲ್ಲಿ ದೋಷಗಳು ಏರಿದವು. ಆ ಹಿರಿಯರ ಮನಸ್ಸಿಗೂ ನೋವಾಯಿತು. ಅವರ ಓದನ್ನು ಸ್ಪ್ರಿಂಟಿನ ಒಳಗೇ ತಂದು, ದಿನಕ್ಕೆ ಅರ್ಧ ಗಂಟೆ ಎಂದು ಇಟ್ಟಿದ್ದರೆ ಸಾಕಿತ್ತು. ಕೊನೆಗೆ ಹಾಗೇ ಮಾಡಿದರು, ಆದರೆ ಅಷ್ಟರಲ್ಲಿ ಆ ಹಿರಿಯರು ಬೇರೆ ವಿಭಾಗಕ್ಕೆ ಹೋಗಿಯಾಗಿತ್ತು. ಹಾಗಾಗಿ ಏನನ್ನಾದರೂ ನಿಲ್ಲಿಸುವ ಮೊದಲು ಅದು ಏನನ್ನು ಕಾಪಾಡುತ್ತಿದೆ ಎಂದು ಕೇಳಿ.

ಮೇಲಿನವರು ಏನನ್ನೂ ಬದಲಿಸಲು ಒಪ್ಪದಿದ್ದರೆ

ಆಗ ಸ್ಕ್ರಮ್ ಬಿಟ್ಟು ಕಾನ್‌ಬಾನ್ ನೋಡಿ. ಸ್ಕ್ರಮ್ ಹೊಸ ಪಾತ್ರ, ಹೊಸ ಸಭೆ ಕೇಳುತ್ತದೆ. ಡೇವಿಡ್ ಆಂಡರ್ಸನ್ ರೂಪಿಸಿದ ಕಾನ್‌ಬಾನ್ ಪದ್ಧತಿ ಈಗ ಮಾಡುತ್ತಿರುವುದರಿಂದಲೇ ಶುರು ಮಾಡಿ ಎನ್ನುತ್ತದೆ. ಈಗಿನ ಹುದ್ದೆ, ಜವಾಬ್ದಾರಿ ಎಲ್ಲವನ್ನೂ ಶುರುವಿನಲ್ಲಿ ಹಾಗೇ ಗೌರವಿಸುತ್ತದೆ. ಹುದ್ದೆಗೆ ಬೆಲೆ ಜಾಸ್ತಿ ಇರುವ ಕಂಪನಿಯಲ್ಲಿ ಇದರಿಂದ ಯಾರ ಮನಸ್ಸೂ ಮುರಿಯುವುದಿಲ್ಲ. ಕೆಲಸವನ್ನು ಬೋರ್ಡಿನ ಮೇಲೆ ತನ್ನಿ, ಮಿತಿ ಹಾಕಿ, ಎಲ್ಲಿ ನಿಲ್ಲುತ್ತದೆ ನೋಡಿ. ನಿಂತ ಜಾಗ ಎಲ್ಲರ ಕಣ್ಣಿಗೆ ದಿನಾ ಬೀಳುತ್ತಿದ್ದರೆ ಮೇಲಿನವರೇ ಅದರ ಬಗ್ಗೆ ಕೇಳಲು ಶುರು ಮಾಡುತ್ತಾರೆ.

ದುರಸ್ತಿ ಆಯಿತೇ ಎಂದು ನೋಡುವುದು

ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಮೂರು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಎಲ್ಲಿಂದ ಶುರು ಮಾಡುವುದು ಎಂದು ಗೊಂದಲವಿದ್ದರೆ ಕೆಟ್ಟ ಸುದ್ದಿಯ ಅಂತರದಿಂದಲೇ ಮಾಡಿ. ಪ್ರತಿ ಬದಲಾವಣೆಗೆ ಎರಡು ಮೂರು ಸ್ಪ್ರಿಂಟ್ ಸಮಯ ಕೊಡಿ.

ಆಮೇಲೆ ಹೊಸ ಐದು ವಿಳಂಬಗಳಿಗೆ ಅದೇ ಎರಡು ದಿನಾಂಕ ಬರೆದು ಹಳೆಯದರ ಪಕ್ಕ ಇಡಿ. ಅಂತರ ಇಳಿದಿದ್ದರೆ ಮುಂದಿನ ಲಕ್ಷಣಕ್ಕೆ ಹೋಗಿ. ಇಳಿಯದೇ ಇದ್ದರೆ ಬಡ್ತಿ, ಕೆಟ್ಟ ಸುದ್ದಿ, ಒಪ್ಪಿಗೆಯ ಬಗ್ಗೆ ಮೊದಲು ಕೇಳಿದ ಮೂರು ಪ್ರಶ್ನೆಗಳಿಗೆ ಮರಳಿ. ಈ ಸಲ ಕಳೆದ ಆರು ತಿಂಗಳಲ್ಲಿ ಸೇರಿದವರನ್ನು ಕೇಳಿ. ಹಳಬರಿಗೆ ಅಭ್ಯಾಸವಾಗಿ ಕಾಣದೇ ಹೋದದ್ದು ಅವರ ಕಣ್ಣಿಗೆ ಇನ್ನೂ ಬೀಳುತ್ತಿರುತ್ತದೆ.